1377ಕ್ಕೆ ರೆಡ್ ಡಾಟ್ ನಿಲ್ಲುತ್ತಿಲ್ಲವೇ?

ಕೈಯಿಂದ ಪಂಪ್ ಮಾಡಿ ಗಾಳಿ ತುಂಬುವ ಕ್ರಾಸ್‌ಮನ್ 1377 ಏರ್ ಪಿಸ್ತೂಲಿನ ಬ್ಯಾರೆಲ್‌ಗೆ ಕ್ಲ್ಯಾಂಪ್ ಹಾಕಿ ಕೂರಿಸಿದ ರೆಡ್ ಡಾಟ್ (ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಸೈಟ್) ಪದೇ ಪದೇ ಗುರಿ ಬದಲಿಸುತ್ತಿದೆ ಎಂದಿದ್ದೀರಿ. ತಪ್ಪು ಬಹುಶಃ ಡಾಟ್‌ನದಲ್ಲ. ಪಂಪ್ ಮಾಡುವಾಗ ಮೇಲಿನ ಕೈ ಸೈಟನ್ನೇ ಅದುಮಿ ಹಿಡಿಯುತ್ತದೆ, ತೆಳು ಬ್ಯಾರೆಲ್ ಮೇಲೆ ಕ್ಲ್ಯಾಂಪ್ ಒಂಚೂರು ತಿರುಗಿದರೂ ಸಾಕು. ಸ್ಕ್ರೂ ಇನ್ನೂ ಬಿಗಿ ಮಾಡಿದರೆ ಎಳೆ ಹಾಳಾಗುತ್ತದೆ, ಅಷ್ಟೇ.

ಪ್ಲಾಸ್ಟಿಕ್ ಬ್ರೀಚ್ (ಪೆಲೆಟ್ ತುಂಬುವ ಹಿಂಭಾಗ) ತೆಗೆದು 11 ಮಿ.ಮೀ. ಡವ್‌ಟೇಲ್ (ಸೈಟ್ ಕೂರಿಸುವ ಹಳಿ) ಇರುವ ಸ್ಟೀಲ್ ಬ್ರೀಚ್ ಹಾಕಿ. ಮೊದಲು ಒಳಗೆ ಪೆಲೆಟ್ (ಚಿಕ್ಕ ಗುಂಡು) ಇಲ್ಲ, ಗಾಳಿ ಇಲ್ಲ ಎಂದು ಖಚಿತಪಡಿಸಿಕೊಳ್ಳಿ. ಬ್ರೀಚ್ ಕೆಳಗಿನ ಟ್ರಾನ್ಸ್‌ಫರ್ ಪೋರ್ಟ್ (ಗಾಳಿಯನ್ನು ಬ್ಯಾರೆಲ್‌ಗೆ ದಾಟಿಸುವ ಪುಟ್ಟ ಕೊಳವೆ) ಸಾಸಿವೆಯಂತೆ ಉರುಳಿ ಮಾಯವಾಗುವ ವಸ್ತು. ಅದು ಸೊಟ್ಟಗೆ ಕೂತರೆ ಗಾಳಿ ಸೋರಿ ವೇಗ ಇಳಿಯುತ್ತದೆ. ಸೈಟ್ ಹಿಡಿಯುವ ಮೌಂಟ್ ಕೂಡ 11 ಮಿ.ಮೀ.ನದೇ ಇರಲಿ, ಪಿಕಟಿನಿಯದು (ಇನ್ನೂ ಅಗಲ ಹಳಿಗೆಂದು ಮಾಡಿದ್ದು) ಕಚ್ಚುವುದಿಲ್ಲ. ಸೈಟನ್ನು ಆದಷ್ಟು ಹಿಂದಕ್ಕೆ ಕೂರಿಸಿ, ಪಂಪ್ ಮಾಡುವ ಕೈಗೆ ಮುಂದೆ ಜಾಗ ಸಿಗುತ್ತದೆ.

ರೈಫಲ್ ಸ್ಕೋಪ್ ಬೇಡ: ಕೈ ಚಾಚಿ ಹಿಡಿದಾಗ ಅದರಲ್ಲಿ ಕಪ್ಪು ವೃತ್ತವೇ ಕಾಣುವುದು. 3 ಎಂಒಎ (ಚುಕ್ಕೆಯ ಗಾತ್ರ ಅಳೆಯುವ ಕೋನಮಾನ) ಡಾಟ್ ಸಾಕು, 10 ಮೀಟರ್‌ಗೆ ಅದು ಸುಮಾರು 9 ಮಿ.ಮೀ. ಮುಚ್ಚುತ್ತದೆ. ಜೀರೋ ಮಾಡುವಾಗ (ಡಾಟ್ ಇಟ್ಟಲ್ಲೇ ಪೆಲೆಟ್ ಬೀಳುವಂತೆ ಹೊಂದಿಸುವಾಗ) ಪ್ರತಿ ಸಲ ಅಷ್ಟೇ ಪಂಪ್ ಹೊಡೆಯಿರಿ, ಉದಾಹರಣೆಗೆ 6. ಪಂಪ್ ಬದಲಾದರೆ ಪೆಲೆಟ್ ಬೀಳುವ ಎತ್ತರವೂ ಬದಲಾಗುತ್ತದೆ. 10 ಪಂಪ್ ದಾಟಬೇಡಿ.