ಚೀರುತ್ತಿದ್ದವನನ್ನು ಬಿಟ್ಟು ಡಾಕ್ಟರು ಮುಂದೆ ಹೋಗಿದ್ದು ಸರಿಯೇ?

ಬಸ್ಸು ಉರುಳಿದ ಜಾಗದಲ್ಲಿ ಕಾಲು ಮುರಿದು ಚೀರುತ್ತಿದ್ದವನನ್ನು ದಾಟಿಕೊಂಡು ಡಾಕ್ಟರು ಮುಂದೆ ಹೋದರು, ಇದು ಅಮಾನವೀಯ ಅಲ್ಲವೇ, ಅಂಥ ಕಡೆ ನಮ್ಮಂಥವರು ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಜಿಲ್ಲಾ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವವನು. ನಾನಾಗಿದ್ದರೂ ದಾಟಿಯೇ ಹೋಗುತ್ತಿದ್ದೆ. ಚೀರುತ್ತಿದ್ದಾನೆ ಅಂದರೆ ಉಸಿರು ಆಡುತ್ತಿದೆ, ಪ್ರಜ್ಞೆ ಇದೆ. ಸದ್ದಿಲ್ಲದೆ ಬಿದ್ದವರನ್ನು ಮೊದಲು ನೋಡಬೇಕು.

ಹೀಗೆ ಗಾಯಾಳುಗಳನ್ನು ಯಾರಿಗೆ ಎಷ್ಟು ತುರ್ತು ಅಂತ ವಿಂಗಡಿಸುವುದಕ್ಕೆ ಟ್ರಯಾಜ್ ಅಂತಾರೆ. ಹೆಚ್ಚು ಬಳಕೆಯಲ್ಲಿರುವ ‘ಸ್ಟಾರ್ಟ್’ ಪದ್ಧತಿ 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡಿದ್ದು. ಮೊದಲು ‘ನಡೆಯೋಕೆ ಆಗೋರೆಲ್ಲ ಈ ಕಡೆ ಬನ್ನಿ’ ಅಂತ ಕೂಗುತ್ತೇವೆ. ಎದ್ದು ಬಂದವರಿಗೆ ಹಸಿರು ಪಟ್ಟಿ, ಅಂದರೆ ಸಣ್ಣ ಗಾಯ. ಉಳಿದವರ ಹತ್ತಿರ ಒಬ್ಬೊಬ್ಬರಿಗೆ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಉಸಿರಿಲ್ಲವೇ? ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ ದಾರಿ ಬಿಡಿಸುತ್ತೇವೆ. ಉಸಿರು ಬಂದರೆ ಕೆಂಪು, ಅಂದರೆ ತಕ್ಷಣ ಚಿಕಿತ್ಸೆ ಬೇಕು; ಬಾರದಿದ್ದರೆ ಕಪ್ಪು, ಅಂದರೆ ಬದುಕಿಲ್ಲ. ಉಸಿರಾಟ ನಿಮಿಷಕ್ಕೆ 30 ದಾಟಿದ್ದರೆ ಕೆಂಪು. ಉಗುರು ಒತ್ತಿ ಬಿಟ್ಟಾಗ ರಕ್ತದ ಬಣ್ಣ 2 ಸೆಕೆಂಡಿನೊಳಗೆ ಮರಳದಿದ್ದರೂ ಕೆಂಪು. ರಾತ್ರಿ ಟಾರ್ಚ್ ಬೆಳಕಲ್ಲಿ ಅದು ಕಾಣುವುದಿಲ್ಲವಾದ್ದರಿಂದ ಮಣಿಕಟ್ಟಿನ ನಾಡಿ ಹಿಡಿದು ನೋಡುತ್ತೇವೆ. ‘ಕೈ ಮುಷ್ಟಿ ಹಿಡೀರಿ’ ಅಂದಾಗ ಹಿಡಿಯದಿದ್ದರೂ ಕೆಂಪು. ಎಲ್ಲದರಲ್ಲೂ ಪಾಸಾದವರು ಹಳದಿ, ಅಂದರೆ ಸ್ವಲ್ಪ ಕಾಯಬಹುದು. ಚೀರುತ್ತಿದ್ದವನಿಗೂ ಬಹುಶಃ ಅದೇ ಬಣ್ಣ ಸಿಕ್ಕಿರುತ್ತದೆ. ಈ ಸುತ್ತಿನಲ್ಲಿ ಚಿಕಿತ್ಸೆ ಅಂತ ಮಾಡುವುದು ಉಸಿರಿನ ದಾರಿ ಬಿಡಿಸುವುದು, ಧಾರಾಕಾರ ರಕ್ತ ನಿಲ್ಲಿಸುವುದು, ಅಷ್ಟೇ. ಎದೆ ಒತ್ತುತ್ತಾ ಒಬ್ಬರ ಹತ್ತಿರವೇ ಕೂತರೆ ಆಚೆ ಬದುಕುವಂಥವರು ಕೈತಪ್ಪುತ್ತಾರೆ. ಮಕ್ಕಳಿಗೆ ಮಾತ್ರ ಒಂದು ರಿಯಾಯಿತಿ: ಉಸಿರಿಲ್ಲದೆ ನಾಡಿ ಇದ್ದರೆ ಐದು ಸಲ ಉಸಿರು ಕೊಟ್ಟು ನೋಡುತ್ತೇವೆ.

ಕಟ್ಟಿದ ಬಣ್ಣವೇ ಕೊನೆಯಲ್ಲ. ಹಸಿರು ಪಟ್ಟಿ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತವನ ಹೊಟ್ಟೆಯ ಗುಲ್ಮ (ಸ್ಪ್ಲೀನ್) ಒಳಗೇ ಸೀಳಿ ರಕ್ತ ಸೋರುತ್ತಿರಬಹುದು. ಅದಕ್ಕೇ ಮತ್ತೆ ಮತ್ತೆ ಸುತ್ತು ಹಾಕಿ ನೋಡುವುದು.

ನನ್ನ ಅಭಿಪ್ರಾಯದಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಆಸ್ಪತ್ರೆಯ ಬಾಗಿಲಲ್ಲಿ. ಮೊದಲು ಬಂದು ಸೇರುವವರು ಸಣ್ಣಪುಟ್ಟ ಗಾಯದವರು, ಆಟೋದಲ್ಲೋ ಯಾರದೋ ಕಾರಿನಲ್ಲೋ. ಇರುವ ಮಂಚಗಳೆಲ್ಲ ತುಂಬಿದ ಮೇಲೆ, ಸಿಕ್ಕಿಹಾಕಿಕೊಂಡು ಬಿಡಿಸಿ ತಂದವರು ಆಂಬುಲೆನ್ಸ್‌ನಲ್ಲಿ ಬರುತ್ತಾರೆ. 1995ರ ಮಾರ್ಚ್ 20ರಂದು ಟೋಕಿಯೋ ಮೆಟ್ರೋದಲ್ಲಿ ಸರಿನ್ ವಿಷಾನಿಲ ಬಿಟ್ಟಾಗ ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಅದೊಂದೇ ದಿನ 640 ಜನ ಬಂದರು. ಬಹುಪಾಲು ಜನ ತಾವೇ ನಡೆದೋ ಟ್ಯಾಕ್ಸಿ ಹಿಡಿದೋ ಬಂದವರು, ಹೆಚ್ಚಿನವರದು ಸೌಮ್ಯ ಲಕ್ಷಣ. ಪ್ರಾರ್ಥನಾ ಮಂದಿರದಲ್ಲೂ ರೋಗಿಗಳನ್ನು ಇಟ್ಟುಕೊಂಡರು. ಬಟ್ಟೆ ಬಿಚ್ಚಿಸಿ ತೊಳೆಯದೆ ಒಳಗೆ ಬಿಟ್ಟಿದ್ದರಿಂದ ಸಿಬ್ಬಂದಿಗೂ ಕಣ್ಣುರಿ, ಮಂಜು ಶುರುವಾಯಿತು. ಅದಕ್ಕೇ ಬಾಗಿಲಲ್ಲಿ ಅನುಭವಸ್ಥರೊಬ್ಬರು ನಿಂತು ಬಣ್ಣ ಹಂಚುವ ಕೆಲಸ ಮಾತ್ರ ಮಾಡಬೇಕು. ನಮ್ಮಲ್ಲಿ ಆ ಜಾಗದಲ್ಲಿ ಟಿವಿ ಕ್ಯಾಮೆರಾ, ಸಾಹೇಬರ ಕಾರು, ಕಾರ್ಯಕರ್ತರು ನಿಂತಿರುತ್ತಾರೆ. ಸ್ಟ್ರೆಚರ್ ತಿರುಗಿಸಲೂ ಜಾಗ ಇರುವುದಿಲ್ಲ.

ಇನ್ನು ನೀವು ಏನು ಮಾಡಬಹುದು. 2023ರ ಜೂನ್ 2ರ ಸಂಜೆ ಒಡಿಶಾದ ಬಹನಗಾದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸೂ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲೂ ಅಪಘಾತಕ್ಕೀಡಾಗಿ 290ಕ್ಕೂ ಹೆಚ್ಚು ಜನ ಸತ್ತರಲ್ಲ, ಅಲ್ಲಿ ಮೊದಲು ಬೋಗಿಗಳಿಗೆ ಇಳಿದವರು ಅಕ್ಕಪಕ್ಕದ ಊರಿನವರು. ನೀವೂ ಅಂಥ ಜಾಗದಲ್ಲಿದ್ದರೆ 108ಕ್ಕೆ ಫೋನ್ ಮಾಡಿ ಜಾಗ, ಅಂದಾಜು ಎಷ್ಟು ಜನ, ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರಾ ಅಂತ ತಿಳಿಸಿ. ರಕ್ತ ಚಿಮ್ಮುತ್ತಿದ್ದರೆ ಟವೆಲ್ಲೋ ಶಾಲೋ ಮಡಚಿ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಿರಿ, ನಿಂತಿತೇ ಅಂತ ಗಳಿಗೆಗೊಮ್ಮೆ ಎತ್ತಿ ನೋಡಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ. ಕೈಕಾಲು ತರಚಿದವರನ್ನು ಹತ್ತಿರದ ದೊಡ್ಡಾಸ್ಪತ್ರೆಗೆ ತುಂಬಬೇಡಿ, ಸ್ವಲ್ಪ ದೂರವಾದರೂ ಬೇರೆ ಕಡೆ ಕರೆದೊಯ್ಯಿರಿ. ಪೊಲೀಸ್, ಕೋರ್ಟು ಅಂತ ಹೆದರುವುದೂ ಬೇಡ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ರಸ್ತೆ ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಿ ಅಂತ ನಿಮ್ಮನ್ನು ಒತ್ತಾಯಿಸುವಂತಿಲ್ಲ.