101–150 ಬ್ಯಾಂಡ್‌ನ ಕಾಲೇಜೋ, 151–200ರದ್ದೋ?

ಮಗಳ ಸಿಇಟಿ ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವಾಗ) ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಎನ್‌ಐಆರ್‌ಎಫ್‌ನ ಬ್ಯಾಂಡ್ (101–150ರಂಥ ರ‍್ಯಾಂಕಿನ ಗುಂಪು) ನೋಡಿ ಮಂಗಳೂರಿನ ಕಾಲೇಜನ್ನು ಮೇಲಿಡಬೇಕೋ, ಉಡುಪಿ ಕಡೆಯದ್ದನ್ನೋ ಎಂದು ಕೇಳಿದ್ದೀರಿ. ಬ್ಯಾಂಡ್ ನೋಡಿ ಮಾತ್ರ ಬೇಡ ಮಾರಾಯ್ರೆ. ಎಂಜಿನಿಯರಿಂಗ್ ಪಟ್ಟಿಯ ನೂರು ಅಂಕದಲ್ಲಿ 30 ಸಂಶೋಧನೆಗೆ, 10 ಬರೀ ‘ಹೆಸರು’ ಹೇಗಿದೆ ಎಂಬುದಕ್ಕೆ. ಬಿಇ ಎರಡನೇ ವರ್ಷದ ಲ್ಯಾಬಿನಲ್ಲಿ ಯಾರು ನಿಂತು ಕಲಿಸುತ್ತಾರೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಅಂಕಿಅಂಶಗಳಲ್ಲಿ ಹೆಚ್ಚಿನವು ಕಾಲೇಜೇ ತುಂಬಿಸಿ ಕೊಟ್ಟದ್ದು.

ಆದರೆ ಆ ಅಂಕಿಅಂಶದ ಪಿಡಿಎಫ್ ರ‍್ಯಾಂಕಿಗಿಂತ ಉಪಯೋಗದ್ದು. ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೇ ಇರಬೇಕು. ಅದರಲ್ಲಿ ನಾಲ್ಕು ವರ್ಷದ ಪದವಿಯ (ಯುಜಿ) ಪ್ಲೇಸ್‌ಮೆಂಟ್ ಕೋಷ್ಟಕ ತೆರೆಯಿರಿ. ಮೊದಲ ವರ್ಷ ಸೇರಿದವರಿಗೆ ಲ್ಯಾಟರಲ್ ಎಂಟ್ರಿಯವರನ್ನು (ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರನ್ನು) ಕೂಡಿಸಿ. ಅದರಲ್ಲಿ ಅವಧಿಯೊಳಗೆ ಪಾಸಾದವರೆಷ್ಟು, ಕೆಲಸ ಸಿಕ್ಕಿದವರೆಷ್ಟು ಲೆಕ್ಕ ಹಾಕಿ. ಫ್ಲೆಕ್ಸಿನಲ್ಲಿ ಹಾಕುವ ಶೇಕಡಾವಾರು ಕಾಲೇಜೇ ಪ್ಲೇಸ್‌ಮೆಂಟಿಗೆ ‘ಅರ್ಹ’ರೆಂದು ಆರಿಸಿದವರನ್ನು ಮಾತ್ರ ಎಣಿಸಿದ್ದಿರಬಹುದು, ಅಲ್ಲೇ ಏಟು ಬೀಳುವುದು. ಸಂಬಳದಲ್ಲಿ ಮೀಡಿಯನ್ (ಎಲ್ಲರದ್ದನ್ನೂ ಸಾಲಾಗಿಟ್ಟರೆ ನಟ್ಟನಡುವೆ ಬರುವುದು) ನೋಡಿ, ಗರಿಷ್ಠ ಪ್ಯಾಕೇಜ್ ಒಬ್ಬನದ್ದು.

ಈ ಕೋಷ್ಟಕ ಇಡೀ ಕಾಲೇಜಿನದ್ದು, ಬ್ರಾಂಚ್‌ವಾರು ಅಲ್ಲ. ಸಿವಿಲ್ ಬೇಕಿದ್ದರೆ ಕಂಪ್ಯೂಟರ್ ಸೈನ್ಸಿನ ಸಂಖ್ಯೆ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಆ ವಿಭಾಗಕ್ಕೇ ಹೋಗಿ ಪಟ್ಟಿ ಕೇಳಿ, ಕೊನೆಯ ವರ್ಷದ ಇಬ್ಬರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ. ಮನೆ ಉಡುಪಿಯಲ್ಲಿದ್ದು ದಿನಾ ಮಂಗಳೂರಿಗೆ ಬಸ್ಸಾದರೆ ಹೋಗಿಬರುವಾಗ ನೂರು ಕಿಲೋಮೀಟರ್ ದಾಟುತ್ತದೆ, ಹಾಸ್ಟೆಲ್ ಖರ್ಚನ್ನೂ ಈಗಲೇ ಹಿಡಿಯಿರಿ.