‘ಆ ದಿನಗಳೇ ಚೆನ್ನ’ ಕಳಿಸಿದವರಿಗೆ

ನಮಸ್ಕಾರ. ಕ್ವಾರಿಯಲ್ಲಿ ಈಜಿದ, ಮರಳು ಗುಡ್ಡೆಗೆ ಹಾರಿದ ಬಾಲ್ಯದ ನೆನಪುಗಳ ನಿಮ್ಮ ಬರಹವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಬರಹ ಹೂತುಕೊಂಡಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಈಗಿನ ಮಕ್ಕಳು ಮೊಬೈಲ್ ಬಿಟ್ಟು ಏಳುವುದಿಲ್ಲ, ನಾವಾದರೆ ಬಿದ್ದು ಎದ್ದು ಗಟ್ಟಿಯಾದೆವು ಎನ್ನುವ ಮಾತು ತಿಂಗಳಲ್ಲಿ ಹತ್ತು ಸಲ ನನ್ನ ಮೇಜಿಗೆ ಬರುತ್ತದೆ. ಹೀಗೆ ಬರೆಯುವವರೆಲ್ಲ ಉಳಿದುಕೊಂಡವರು. ಕ್ವಾರಿಯ ನೀರಿನಿಂದ ಮೇಲೆ ಬಾರದ ಹುಡುಗ ನನಗೆ ಲೇಖನ ಕಳಿಸುವುದಿಲ್ಲ.

ಕ್ವಾರಿಯ ಭಾಗದಲ್ಲಿ ನನಗೊಂದು ಅನುಮಾನ. ನಡುನೀರಿನವರೆಗೂ ಈಜಿ, ಅಲ್ಲಿ ಕಾಲೂರಿ ನಿಂತು ಸುಧಾರಿಸಿಕೊಂಡೆವು ಎಂದಿದ್ದೀರಿ. ಪಾಳುಬಿದ್ದ ಕಲ್ಲುಕ್ವಾರಿಗೆ ಕೆರೆಯಂತೆ ಇಳಿಜಾರು ದಡ ಇರುವುದು ಅಪರೂಪ. ಬಂಡೆಯನ್ನು ನೆಟ್ಟಗೆ ಕಡಿದಿರುತ್ತಾರೆ, ಅಂಚಿನಿಂದ ಒಂದು ಹೆಜ್ಜೆ ಆಚೆಗೇ ಆಳ. ಮೇಲಿನ ನೀರು ಬಿಸಿಲಿಗೆ ಬೆಚ್ಚಗಿದ್ದರೂ ಕೆಳಗೆ ಕಾಲು ಮರಗಟ್ಟುವ ಥಂಡಿ. ಹತ್ತೋಣವೆಂದರೆ ಕೈಗೆ ಹಿಡಿತ ಸಿಗುವುದಿಲ್ಲ. ಕಲ್ಲು ತೆಗೆಯುವಾಗ ಬಿಟ್ಟ ಮೆಟ್ಟಿಲಿನ ಮೇಲೆ ನೀವು ನಿಂತಿರಬಹುದು. ಇಲ್ಲವೇ ನಿಮ್ಮ ನೆನಪಿನಲ್ಲಿ ಬೇರೆ ಯಾವುದೋ ಕೆರೆ ಬಂದು ಈ ಕ್ವಾರಿಯೊಳಗೆ ಸೇರಿಕೊಂಡಿದೆ. ನೀವು ಸುಳ್ಳು ಹೇಳುತ್ತಿದ್ದೀರಿ ಎನ್ನುತ್ತಿಲ್ಲ. ನೆನಪಿನ ಬಗ್ಗೆ ಅಧ್ಯಯನ ಮಾಡಿದ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕ್ಕಂದಿನಲ್ಲಿ ಮಾಲ್‌ ಒಂದರಲ್ಲಿ ಕಳೆದುಹೋಗಿದ್ದಿರಿ ಎಂಬ ಕಟ್ಟುಕಥೆಯನ್ನು 24 ಜನರಿಗೆ ಕೊಟ್ಟರು. ಸುಮಾರು ಕಾಲು ಭಾಗ ಜನ ಅದನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ ‘ನೆನಪಿಸಿಕೊಂಡರು’. ಹಾಗಾಗಿ ಜೊತೆಗಿದ್ದವರನ್ನು ಒಮ್ಮೆ ಕೇಳಿ. ಅವರು ಬೇರೆಯೇ ಹೇಳಿದರೆ ಅದನ್ನೂ ಬರೆಯಿರಿ, ಬರಹಕ್ಕೆ ಲಾಭವೇ.

ಕಟ್ಟುತ್ತಿದ್ದ ಮನೆಯ ಮೊದಲ ಮಹಡಿಯಿಂದ ಮರಳು ಗುಡ್ಡೆಗೆ ಹಾರಿದ್ದನ್ನು ಒಂದು ಪುಟ ಬರೆದಿದ್ದೀರಿ. ‘ಮೈ ಜುಮ್ಮೆಂದಿತು’ ಮೂರು ಸಲ ಬಂದಿದೆ. ಮೂರು ಮೀಟರ್ ಎತ್ತರದಿಂದ ಕೆಳಗೆ ಬರಲು ಒಂದು ಸೆಕೆಂಡೂ ಬೇಡ, ನೆಲ ಮುಟ್ಟುವಾಗ ಗಂಟೆಗೆ 27 ಕಿಲೋಮೀಟರಿಗಿಂತ ಹೆಚ್ಚು ವೇಗ. ಅಷ್ಟರಲ್ಲಿ ಯಾರಿಗೂ ಮೈ ಜುಮ್ಮೆನ್ನುವುದಿಲ್ಲ. ಅದು ಹಾರುವ ಮೊದಲು, ಅಂಚಿನಲ್ಲಿ ನಿಂತಾಗ. ಆ ಅಂಚಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. (ನಾನೂ ಹಾರಿದವನೇ, ಮೊಣಕೈಯಲ್ಲಿ ಗುರುತಿದೆ.)

ಈಗ ಏಳನೇ ಪ್ಯಾರಾ. ಅದೇ ಮರಳಿನಲ್ಲಿ ಸುರಂಗ ತೋಡಿದಿರಿ, ನಿಮ್ಮ ಗೆಳೆಯ ಒಳಗೆ ನುಗ್ಗಿದ, ಮರಳು ಕುಸಿಯಿತು. ‘ಕಾಲು ಹಿಡಿದು ಎಳೆದರೆ ಚಪ್ಪಲಿ ಮಾತ್ರ ಕೈಗೆ ಬಂತು.’ ಈ ಸಾಲು ಓದಿ ನಾನು ಹಾಳೆ ಕೆಳಗಿಟ್ಟೆ. ನೀವು ಮಾತ್ರ ಮರು ವಾಕ್ಯದಲ್ಲೇ ‘ಹೇಗೋ ಎಳೆದು ತೆಗೆದೆವು, ಎಲ್ಲರೂ ನಕ್ಕೆವು’ ಎಂದು ಜಾಗ ಖಾಲಿ ಮಾಡಿದ್ದೀರಿ!

ಹೇಗೋ ಎಂದರೆ ಹೇಗೆ? ಎಷ್ಟು ಜನ ಕೈಯಲ್ಲಿ ಬಗೆದಿರಿ? ಮರಳು ತೆಗೆದಷ್ಟೂ ಮೇಲಿನಿಂದ ಜಾರಿ ಬಂದು ಮತ್ತೆ ತುಂಬುತ್ತದಲ್ಲ, ಅದು ಆಗ ಕಣ್ಣಿಗೆ ಬಿತ್ತೇ? ಹೊರಬಂದಾಗ ಅವನ ಬಾಯಲ್ಲಿ, ರೆಪ್ಪೆಯಲ್ಲಿ ಏನಿತ್ತು? ಮೊದಲು ನಕ್ಕವರು ಯಾರು, ಎಷ್ಟು ಹೊತ್ತಿನ ಮೇಲೆ? ಮನೆಯಲ್ಲಿ ಏನೆಂದು ಸುಳ್ಳು ಹೇಳಿದಿರಿ?

ಒದ್ದೆ ಮರಳು ತೇವ ಇರುವವರೆಗಷ್ಟೇ ಕಚ್ಚಿಕೊಂಡಿರುತ್ತದೆ. ಬಿಸಿಲೇರಿ ಒಣಗಿದರೆ ಹೇಳದೆ ಕೇಳದೆ ಇಳಿಯುತ್ತದೆ. ಒಂದು ಘನ ಮೀಟರ್ ಮರಳು ಸುಮಾರು ಒಂದೂವರೆ ಟನ್ ತೂಗುತ್ತದೆ. ಎದೆಯ ಮೇಲೆ ಅದರಲ್ಲಿ ಸ್ವಲ್ಪ ಕೂತರೂ ಸಾಕು, ಮುಖ ಹೊರಗಿದ್ದರೂ ಉಸಿರೆಳೆಯಲು ಪಕ್ಕೆಲುಬು ಏಳುವುದಿಲ್ಲ. ಇದು ನಿಮಗೆ ಈಗ ಗೊತ್ತು, ಆ ಹುಡುಗನಿಗೆ ಗೊತ್ತಿರಲಿಲ್ಲ. ಮರಳೆಂದರೆ ಮೆತ್ತಗೆ, ಹಾರಿದರೆ ಹಿಡಿದುಕೊಳ್ಳುತ್ತದೆ ಎಂದೇ ಅವನು ನಂಬಿದ್ದ. ಆ ನಂಬಿಕೆಯ ಜೊತೆಗೇ ಅವನನ್ನು ಒಳಗೆ ಕಳಿಸಿ. ‘ಅಪಾಯ ಅಂತ ನಮಗೇನು ಗೊತ್ತಿತ್ತು’ ಎಂದು ನಡುವೆ ಬಾಯಿ ಹಾಕಬೇಡಿ.

ಕ್ವಾರಿ ಇನ್ನೊಂದು ಬರಹಕ್ಕಿರಲಿ. ಮರಳಿನದೊಂದನ್ನೇ 800 ಪದದಲ್ಲಿ ಬರೆದು ಕಳಿಸಿ. ಆ ಗೆಳೆಯ ಸಂಪರ್ಕದಲ್ಲಿದ್ದರೆ ಮೊದಲು ಅವನಿಗೆ ಓದಿಸಿ. ಒಳಗಿದ್ದವನು ಅವನು, ನಕ್ಕವರಲ್ಲಿ ಅವನೂ ಇದ್ದನೇ ಎಂದು ನಿಮ್ಮ ಬರಹದಲ್ಲಿಲ್ಲ.